ಮುಟ್ಟರ್

ನ್ಯೂರೆಂಬರ್ಗ್ ಊರಿನ ದಕ್ಷಿಣ ಭಾಗದಲ್ಲಿ ಓಣಿಯ ಮಂದಿಗೆಲ್ಲ ಸೇರಿದ ಒಂದು ಸಮುದಾಯ ಭವನವಿದೆ. ಅದರ ಅಡಿಗೆಮನೆಯ ಗೋಡೆಯ ಮೇಲೆ ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಇದ್ದಾರೆ. ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಮ್ಮೆಯನ್ನು ಒಳಗೆ ಬಚ್ಚಿಟ್ಟುಕೊಂಡು, ಯಾರಾದರೂ ಕೇಳಲಿ ಎಂದು ಕಾಯುವ ವಿನಯ ನನ್ನ ಸ್ವಭಾವದಲ್ಲಿಲ್ಲ. ಆ ಗೋಡೆಯ ಮೇಲೆ ಆರು ಹೆಂಗಸರು ಬರೆದ ಆರು ಸಂಬಂಧಗಳಿವೆ, ಅವುಗಳಲ್ಲಿ ಒಂದು ನನ್ನದು. ನಮಗೆ ಗೋಡೆ ಬರೆಯಲು ಕಲಿಸಿದವಳು ಮಾತ್ರ ಜರ್ಮನ್ ಹೆಂಗಸಲ್ಲ, ಚಿಕಾನಾ. ಆ ಪದವನ್ನು ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಜರ್ಮನಿ ಸಾಫ್ಟ್‌ವೇರ್ ಮಂದಿಯನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ವರ್ಷಗಳವು. ನನ್ನ ಗಂಡನಿಗೂ ಒಂದು ಸಿಕ್ಕಿತು. ಧಾರವಾಡದಲ್ಲಿ ಗ್ರೀನ್ ಕಾರ್ಡ್ ಅಂದಕೂಡಲೇ ಎಲ್ಲರ ಕಣ್ಣಿಗೆ ಕಂಡದ್ದು ಅಮೆರಿಕ. ನಾವು ಹೊರಡುವ ದಿನ ಪಕ್ಕದ ಮನೆಯ ಅಜ್ಜಿ ಬಂದು, "ನ್ಯೂಯಾರ್ಕಿನ್ಯಾಗ ಥಂಡಿ ಭಾಳಂತ, ಸ್ವೆಟರ್ ಇಟಗೋ" ಅಂದರು. ನ್ಯೂಯಾರ್ಕ್ ಅಲ್ಲ, ನ್ಯೂರೆಂಬರ್ಗ್ ಎಂದು ತಿದ್ದಿದೆ. "ಎಲ್ಲಾ ಒಂದ ಬಿಡವಾ, ಥಂಡಿ ಥಂಡೀನ" ಅಂದರು. ಥಂಡಿಯ ವಿಷಯದಲ್ಲಿ ಅವರ ಮಾತೇ ನಿಜವಾಯಿತು.

ನಾನು ಚಿತ್ರಕಲೆ ಕಲಿತವಳು. ಡಿಪ್ಲೊಮಾ ಮುಗಿಸಿ ಹುಡುಗಿಯರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಇಲ್ಲಿಗೆ ಬಂದ ಮೇಲೆ ಗ್ರೀನ್ ಕಾರ್ಡ್ ಇದ್ದದ್ದು ಗಂಡನಿಗೆ; ನನಗೆ ಕೆಲಸ ಮಾಡುವ ಅನುಮತಿ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಅವರು ಆಫೀಸಿಗೆ ಹೋದರೆ ಮನೆಯಲ್ಲಿ ನಾನು, ಕುಕ್ಕರು ಮತ್ತು ಕಿಟಕಿ. ಕುಕ್ಕರಿನ ಜತೆ ಜಗಳ ಆಡುವ ಹಂತಕ್ಕೆ ಬಂದಾಗ, ದೊಡ್ಡವರಿಗೆಂದೇ ಸಂಜೆ ತರಗತಿ ನಡೆಸುವ ಫೋಕ್ಸ್‌ಹೋಖ್‌ಶೂಲೆಯಲ್ಲಿ ಗೋಡೆಚಿತ್ರ ಕಲಿಸುತ್ತಾರೆ ಎಂದು ತಿಳಿಯಿತು. "ಹೋಗು, ನಿನ್ನ ಜರ್ಮನ್‌ರೆ ಇಂಪ್ರೂವ್ ಆಗ್ತದ" ಅಂದರು ಗಂಡ. ಚಿತ್ರ ಇಂಪ್ರೂವ್ ಆಗುವ ಅಗತ್ಯವಿಲ್ಲ ಎಂದು ಅವರೂ ಒಪ್ಪಿದ್ದಾರೆ ಅಂದುಕೊಂಡು ಹೊರಟೆ.

ತರಗತಿಯ ಬಾಗಿಲಲ್ಲಿ ನಿಂತವಳನ್ನು ನೋಡಿ ಬೆಳಗಾವಿ ಕಡೆಯ ಹೆಂಗಸೇ ಅಂದುಕೊಂಡೆ. ಅದೇ ಬಣ್ಣ, ಸೊಂಟದವರೆಗಿನ ಜಡೆ, ಕಾಲಿಗೆ ಮಾತ್ರ ಬಣ್ಣ ಮೆತ್ತಿದ ಬೂಟು. "ಕನ್ನಡಾ ಬರತದೇನ್ರಿ?" ಎಂದು ಕೇಳಿಯೇಬಿಟ್ಟೆ. ಅವಳು ನಗುತ್ತ ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದಳು. ಅವಳೂ ನನ್ನನ್ನು ತನ್ನ ಕಡೆಯವಳೆಂದೇ ಭಾವಿಸಿದ್ದಳು. ಇಬ್ಬರ ನಿರಾಶೆಯೂ ಒಟ್ಟಿಗೆ ಆದದ್ದರಿಂದ ಸ್ನೇಹ ಸುಲಭವಾಯಿತು. ಅವಳೇ ನಮ್ಮ ಟೀಚರ್.

ಅವಳು ಹುಟ್ಟಿದ್ದು ಟೆಕ್ಸಸ್‌ನಲ್ಲಿ, ಅಜ್ಜ ಅಜ್ಜಿ ಮೆಕ್ಸಿಕೋದವರು. ಅಮೆರಿಕದ ಸೈನಿಕನನ್ನು ಮದುವೆಯಾಗಿ ಈ ಕಡೆ ಇರುವ ಅವರ ಸೇನಾ ನೆಲೆಗೆ ಬಂದವಳು, ಗಂಡ ಬಿಟ್ಟುಹೋದ ಮೇಲೆ ಇಲ್ಲೇ ಉಳಿದಿದ್ದಳು. ತನ್ನಂಥವರನ್ನು ಚಿಕಾನೊ ಅನ್ನುತ್ತಾರೆ, ಹೆಣ್ಣಾದರೆ ಚಿಕಾನಾ ಎಂದು ಹೇಳಿದಳು. ಒಂದು ಕಾಲದಲ್ಲಿ ಅದು ಹೀಯಾಳಿಸುವ ಮಾತಾಗಿತ್ತಂತೆ. ಅವಳ ಹಿರಿಯರ ತಲೆಮಾರು ಅದೇ ಮಾತನ್ನು ಎತ್ತಿಕೊಂಡು, ಹೌದು, ನಾವು ಅವರೇ ಎಂದು ಗೋಡೆಗಳ ಮೇಲೆ ಬರೆಯಿತಂತೆ. ಅಮೆರಿಕ ನೋಡದೆ ಜರ್ಮನಿಗೆ ಬಂದ ನನಗೆ ಅಮೆರಿಕ ಹೀಗೆ ಜಡೆ ಹಾಕಿಕೊಂಡು ಸಿಕ್ಕಿತು.

ಮೊದಲ ವಾರ ಅವಳು ತನ್ನ ಊರಿನ ಗೋಡೆಗಳ ಸ್ಲೈಡುಗಳನ್ನು ತೋರಿಸಿದಳು. ಹಿಟ್ಟು ಹರಡಿದ ಮೇಜಿನ ಸುತ್ತ ಒತ್ತಿಕೊಂಡು ಕೂತ ಹೆಂಗಸರು. ಮೊಮ್ಮಗಳ ತಲೆ ಬಾಚುವ ಅಜ್ಜಿ. ಸಮವಸ್ತ್ರ ತೊಟ್ಟು ಹೊರಟ ಮಗನ ತೋಳನ್ನು ಬಿಡದೆ ಹಿಡಿದ ತಾಯಿ. ಬಣ್ಣಗಳು ಜಾತ್ರೆಯ ಬಳೆಗಳ ಹಾಗೆ ಒಂದರ ಪಕ್ಕ ಒಂದು. ನಾನೋ ಅಳತೆಪಟ್ಟಿ ಹಿಡಿದು ಮೂಗು ಬರೆಯಲು ಕಲಿತವಳು, ಸುಮ್ಮನಿರಲಾಗಲಿಲ್ಲ. "ಆ ತಾಯಿಯ ಮೂಗಿನ ಅಳತೆ ತಪ್ಪಿದೆ" ಅಂದೆ.

"ಹೌದು," ಅಂದಳು, "ಆಕೆ ಅಳುತ್ತಿದ್ದಾಳೆ. ಅಳುವಾಗ ಮೂಗು ಊದಿಕೊಳ್ಳುತ್ತದೆ."

ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಅಳಲು ನೋಡಿದೆ, ನಗು ಬಂತು. ಆದರೆ ಅಂದಿನಿಂದ ನಾನು ಅವಳ ವಿದ್ಯಾರ್ಥಿನಿಯಾದೆ.

ಅವಳದು ಒಂದೇ ನಿಯಮ. ಗೋಡೆಯ ಮೇಲೆ ಯಾರೂ ಒಂಟಿಯಾಗಿ ನಿಲ್ಲಬಾರದು; ಪ್ರತಿಯೊಬ್ಬರೂ ಇನ್ನೊಬ್ಬರನ್ನು ಎಲ್ಲಾದರೂ ಮುಟ್ಟಿರಬೇಕು. ಹೆಗಲ ಮೇಲೆ ಕೈ, ಸೆರಗಿನ ತುದಿ, ಮಂಡಿಗೆ ಒರಗಿದ ತಲೆ, ಏನಾದರೂ ಸರಿ. ನಾನು ನಮ್ಮ ಮನೆಯ ಫೋಟೋಗಳನ್ನು ನೆನೆದುಕೊಂಡೆ. ಸ್ಟುಡಿಯೋದಲ್ಲಿ ಅಪ್ಪ ಕುರ್ಚಿಯ ಮೇಲೆ, ಅವ್ವ ಹಿಂದೆ ಕುರ್ಚಿಯ ಬೆನ್ನು ಹಿಡಿದು, ಮಕ್ಕಳು ಅಳತೆ ಮಾಡಿದಂತೆ ದೂರ ದೂರ. ಕುರ್ಚಿಯನ್ನು ಬಿಟ್ಟರೆ ಯಾರೂ ಏನನ್ನೂ ಮುಟ್ಟಿರಲಿಲ್ಲ. ಹಾಗೆಂದು ಪ್ರೀತಿ ಕಡಿಮೆಯಿತ್ತೇ?

ಆ ವರ್ಷವೇ ಸಮುದಾಯ ಭವನದವರು ತಮ್ಮ ಅಡಿಗೆಮನೆಯ ಗೋಡೆಯನ್ನು ನಮ್ಮ ತರಗತಿಗೆ ಬಿಟ್ಟುಕೊಟ್ಟರು. ಒಬ್ಬೊಬ್ಬರೂ ಒಂದೊಂದು ಸಂಬಂಧವನ್ನು ತನ್ನಿ ಅಂದಳು ಟೀಚರ್. ಯಾರನ್ನು ಕಂಡರೆ ನಿಮ್ಮ ಮುಖ ಬದಲಾಗುತ್ತದೋ ಅವರನ್ನು. ಒಬ್ಬಳು ಅಕ್ಕನನ್ನು ಅಂದಳು, ಒಬ್ಬಳು ಸತ್ತ ಗಂಡನನ್ನು. ನನ್ನ ಸರದಿ ಬಂದಾಗ "ಶ್ವೀಗರ್‌ಮುಟ್ಟರ್" ಅಂದೆ. ಅತ್ತೆಗೆ ಜರ್ಮನ್ ಮಾತು ಅದು. ಪಕ್ಕದಲ್ಲಿದ್ದ ತುರ್ಕಿ ಹೆಂಗಸು ಗಾಬರಿಯಿಂದ ಬೆರಳು ಕಚ್ಚಿಕೊಂಡಳು. ಅತ್ತೆಯರ ಕೀರ್ತಿ ಎಲ್ಲ ದೇಶದಲ್ಲೂ ಒಂದೇ.

ನನಗೆ ಆರಿಸಲು ಬೇರೆ ಯಾರೂ ಬೇಕಿರಲಿಲ್ಲ. ಮದುವೆಯಾಗಿ ಆ ಮನೆಗೆ ಹೋದಾಗ ನನ್ನ ಡಿಪ್ಲೊಮಾದ ಕೊನೆಯ ವರ್ಷ ಬಾಕಿ ಇತ್ತು. ಸೊಸೆ ಇದ್ದಿಲು ಹಿಡಿದು ಚಿತ್ರ ಬರೆಯುತ್ತ ಕೂರುವುದು ಮನೆಯ ಹಿರಿಯರಿಗೆ ಸರಿಬರಲಿಲ್ಲ. ಅತ್ತೆ ಒಲೆಯ ಮುಂದಿನಿಂದಲೇ, "ಅಕಿ ಪರೀಕ್ಷಾ ಕೂಡಲಿ. ಅಡಿಗಿ ನಾ ನೋಡ್ಕೋತೀನಿ. ಯಾರಿಗೆ ಹಸಿವಿ ತಡಿಯೂದಿಲ್ಲೋ ಅವರು ಬಂದು ಒಲಿ ಊದರಿ" ಅಂದರು. ಊದಲು ಯಾರೂ ಬರಲಿಲ್ಲ.

ಅವರು ಕಟ್ಟಾ ಮಡಿಯವರು. ಬೆಳಿಗ್ಗೆ ಮಿಂದು, ಯಾರೂ ಮುಟ್ಟದ ಸೀರೆ ಉಟ್ಟು ಅಡಿಗೆಗೆ ನಿಂತರೆ ಊಟ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ನಾನು ನಡುಮನೆಯಲ್ಲಿ ಚಿತ್ರದ ಮುಂದೆ ಊಟ ಮರೆತು ಕೂತಿರುತ್ತಿದ್ದೆ. ಅವರು ಕಲಸಿದ ಮೊಸರನ್ನದ ಪಾತ್ರೆ ಹಿಡಿದು ಬಂದು, "ಕೈ ತೊಳಕೊಂಡು ಒಡ್ಡು" ಅನ್ನುತ್ತಿದ್ದರು. ಮೇಲಿನಿಂದ ನನ್ನ ಅಂಗೈಗೆ ಕೈತುತ್ತು ಬೀಳುತ್ತಿತ್ತು. ಅವರ ಬೆರಳು ನನಗೆ ತಾಗುತ್ತಿರಲಿಲ್ಲ. ತುತ್ತಿನ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ ಅದರಲ್ಲಿ ಉಪ್ಪಿನಕಾಯಿಯ ರಸ ಹಾಕಿರುತ್ತಿದ್ದರು. ನನ್ನ ಹೆತ್ತವ್ವ ಕೂಡ ನನಗೆ ಹಾಗೆ ಉಣಿಸಿದ ನೆನಪಿಲ್ಲ. ಆ ವರ್ಷ ನಾನು ಪಾಸಾದದ್ದು ಆ ತುತ್ತುಗಳ ಮೇಲೆ.

ಅದನ್ನೇ ಬರೆದೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಮೇಲೊಂದು ಕೈ, ಕೆಳಗೊಂದು ಅಂಗೈ, ನಡುವೆ ಬೀಳುತ್ತಿರುವ ತುತ್ತು. ಚೆನ್ನಾಗಿಯೇ ಬಂದಿತ್ತು. ಟೀಚರ್ ಬಂದು ನೋಡಿದಳು.

"ಇವು ಮುಟ್ಟಿಲ್ಲವಲ್ಲ."

"ಮುಟ್ಟುವುದಿಲ್ಲ" ಅಂದೆ.

"ಯಾಕೆ?"

ಮಡಿಯನ್ನು ಜರ್ಮನ್ ಭಾಷೆಯಲ್ಲಿ ವಿವರಿಸುವ ಕಷ್ಟ ಶತ್ರುವಿಗೂ ಬೇಡ. ಶುದ್ಧ ಅಂದರೆ ಸಾಬೂನು ಅಂದುಕೊಳ್ಳುತ್ತಾರೆ, ಪವಿತ್ರ ಅಂದರೆ ಚರ್ಚು ಅಂದುಕೊಳ್ಳುತ್ತಾರೆ. ಜರ್ಮನ್ ಬಿಟ್ಟು ಇಂಗ್ಲಿಷಿನಲ್ಲಿ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯಿತು. ಕುಂಚ ತೊಳೆಯುವ ನೆಪದಲ್ಲಿ ನನಗೆ ಬೆನ್ನು ತಿರುಗಿಸಿ ನಿಂತು ಮಾತಾಡಿದಳು.

ಅವಳ ಊರಿನಲ್ಲಿ ಒಂದು ಅಂಗಡಿ ಇತ್ತು. ಸಾಮಾನು ಕೊಂಡವರ ಮಕ್ಕಳಿಗೆ ಅಂಗಡಿಯವನು ಪೆಪ್ಪರಮೆಂಟು ಕೊಡುತ್ತಿದ್ದ. ಬಿಳಿಯರ ಮಕ್ಕಳಿಗೆ ಕೈಯಲ್ಲಿ ಇಟ್ಟು ತಲೆ ಸವರುತ್ತಿದ್ದ. ಅವಳ ಕೈಗೆ ಮೇಲಿನಿಂದ ಬಿಡುತ್ತಿದ್ದ, ತಾಗಬಾರದೆಂದು. ಅದು ನೆಲಕ್ಕೆ ಬಿದ್ದರೆ ಎತ್ತಿಕೊಳ್ಳಬೇಡ ಎಂದು ಅವಳ ತಾಯಿ ಹೇಳಿದ್ದಳು. "ನನ್ನ ಗೋಡೆಗಳಲ್ಲಿ ಎಲ್ಲರೂ ಮುಟ್ಟಿರಬೇಕು ಅನ್ನುವುದು ಸುಮ್ಮನೆ ಅಲ್ಲ" ಅಂದಳು.

ನನ್ನ ತವರಿನ ಹಿತ್ತಿಲು ಕಣ್ಣ ಮುಂದೆ ಬಂತು. ಕಸ ಬಳಿಯಲು ಬರುತ್ತಿದ್ದ ಹೆಂಗಸಿನ ಬೊಗಸೆಗೆ ನಮ್ಮಜ್ಜಿ ಎತ್ತರದಿಂದ ನೀರು ಹೊಯ್ಯುತ್ತಿದ್ದಳು. ಅದೂ ಮೇಲಿನಿಂದಲೇ, ಅದೂ ತಾಗದ ಹಾಗೆಯೇ. ಮಡಿಯ ಹೆಸರಿನಲ್ಲಿ ನಮ್ಮಂಥ ಮನೆಗಳಲ್ಲಿ ಏನೇನು ಅನ್ಯಾಯ ನಡೆದಿದೆ ಎಂದು ನನಗೆ ಗೊತ್ತು. ನನ್ನ ಅಡಿಗೆಮನೆಯಲ್ಲಿ ಮಡಿ ಇಲ್ಲ. ಅವಳಿಗೆ ಅದನ್ನೂ ಹೇಳಿದೆ. "ನಿನ್ನ ಅಂಗಡಿಯವನು ನಮ್ಮ ಹಿತ್ತಿಲಲ್ಲೂ ಇದ್ದ. ಆದರೆ ಇದು ಅದಲ್ಲ. ಈ ಕೈ ಬೇರೆ."

"ನೋಡುವವರಿಗೆ ಅದು ಹೇಗೆ ತಿಳಿಯಬೇಕು? ಗೋಡೆಯ ಪಕ್ಕ ನೀನು ನಿಂತು ಹೇಳುತ್ತೀಯಾ?"

ನನಗೆ ಸಿಟ್ಟು ಬಂತು. ಕೈಗಳನ್ನು ಮುಟ್ಟಿಸು, ಇಲ್ಲವೇ ಬೇರೆ ಸಂಬಂಧ ತಾ ಅಂದಳು. ಮುಟ್ಟಿಸಿದರೆ ಅದು ನನ್ನ ಅತ್ತೆಯಾಗುವುದಿಲ್ಲ, ಯಾರೋ ಆಗುತ್ತಾಳೆ ಅಂದೆ. ಇಬ್ಬರೂ ಸೋಲಲಿಲ್ಲ. ಕೊನೆಗೆ ಉಳಿದವರು ಬಣ್ಣ ತುಂಬಲಿ, ನಿನ್ನ ಭಾಗ ಹಾಗೇ ಇರಲಿ, ಉದ್ಘಾಟನೆಯ ಹೊತ್ತಿಗೂ ತೀರ್ಮಾನವಾಗದಿದ್ದರೆ ಸುಣ್ಣ ಬಳಿಯೋಣ ಎಂದು ಹೇಳಿದಳು. ಗೋಡೆ ದಿನೇ ದಿನೇ ಬಣ್ಣ ತುಂಬಿಕೊಳ್ಳುತ್ತ ಹೋಯಿತು. ನಡುವೆ ನನ್ನ ಅತ್ತೆಯ ಕೈ ಇದ್ದಿಲಿನಲ್ಲೇ ಉಳಿಯಿತು.

ಅಷ್ಟರಲ್ಲಿ ಅತ್ತೆಯೇ ಬಂದರು, ಮೂರು ತಿಂಗಳ ವೀಸಾದ ಮೇಲೆ. ಅವರ ಮಡಿಯೂ ಬಂತು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರೂ ಬಟ್ಟೆ ಒಗೆಯುವ ವಾಶಿಂಗ್ ಮೆಷಿನ್ ತೋರಿಸಿದರೆ, "ಊರ ಮಂದಿ ಚಡ್ಡಿ ತಿರಗಿದ್ದರಾಗ ನನ್ನ ಸೀರಿ ಹಾಕಲೇನು?" ಅಂದರು. ಬಚ್ಚಲಲ್ಲೇ ಒಗೆದು, ಯಾರೂ ಮುಟ್ಟದ ಹಾಗೆ ಬಾಲ್ಕನಿಯಲ್ಲಿ ಎತ್ತರಕ್ಕೆ ಹರವಲು ಕೋಲು ಬೇಕಾಯಿತು. ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ನನ್ನ ಗಂಡ ಮಂಜಿನ ಮೇಲೆ ಜಾರುವವರ ಸ್ಕೀ ಕೋಲು ತಂದುಕೊಟ್ಟರು. ತುದಿಯಲ್ಲಿ ಚಕ್ರವಿದ್ದದ್ದರಿಂದ ಸೀರೆ ಜಾರುವುದಿಲ್ಲ ಎಂದು ಅತ್ತೆಗೆ ಅದು ಬಹಳ ಹಿಡಿಸಿತು. ಇಲ್ಲಿ ತಾಯಿಗೆ ಏನಂತಾರೆ ಎಂದು ಒಂದು ದಿನ ಕೇಳಿದರು. ಮುಟ್ಟರ್ ಅಂದೆ. "ಬರೋಬ್ಬರಿ ಅದ. ಮಡಿಲೆ ಇದ್ದಾಕಿನ್ನ ಯಾರೂ ಮುಟ್ಟರು" ಅಂದರು. ನಾನು ನಕ್ಕು ನಕ್ಕು ಸುಸ್ತಾದೆ. ಅವರು ಮಾತ್ರ ಗಂಭೀರವಾಗಿ ಬೇಳೆ ಆರಿಸುತ್ತಿದ್ದರು.

ಗೋಡೆಯ ವಿಷಯ ಅವರಿಗೆ ಹೇಳಬೇಡ ಎಂದು ಗಂಡ ಅಂಗಲಾಚಿದರು. "ಅವ್ವಗ ಬ್ಯಾಡ, ಪ್ಲೀಸ್. ಸುಮ್ನ ದೊಡ್ಡ ಇಶ್ಯೂ ಆಗ್ತದ." ಎರಡು ದಿನ ತಡೆದೆ, ಮೂರನೆಯ ದಿನ ಚಹಾ ಕೊಡುವಾಗ ಬಾಯಿ ಬಿಟ್ಟೆ.

"ಅತ್ಯಾ, ನಿಮ್ಮ ಚಿತ್ರಾ ಬರೀಲಿಕ್ಹತ್ತೇನಿ. ಗ್ವಾಡಿ ಮ್ಯಾಲ."

"ಯಾವ ಗ್ವಾಡಿ?"

"ಒಂದು ದೊಡ್ಡ ಅಡಿಗಿಮನೀದು. ಊರ ಮಂದಿಯೆಲ್ಲಾ ಬರ್ತಾರ ಅಲ್ಲೆ."

"ಅಡಿಗಿಮನ್ಯಾಗೇನು? ಹಂಗಾರ ಛಲೋ ಆತು. ನಾಳೆ ನೋಡೋಣಂತ ನಡಿ."

ಮರುದಿನ ಅವರು ಡಬ್ಬಿಯಲ್ಲಿ ಮೊಸರನ್ನ ತುಂಬಿಕೊಂಡೇ ಹೊರಟರು. ಎಲ್ಲಿಗೆ ಹೋದರೂ ಯಾರಿಗೋ ಹಸಿವಾಗಿರುತ್ತದೆ ಎಂಬುದು ಅವರ ಲೆಕ್ಕ. ಅಡಿಗೆಮನೆಯಲ್ಲಿ ಟೀಚರ್ ಒಬ್ಬಳೇ ಇದ್ದಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಬಂದು, ಇಲ್ಲಿಯ ಪದ್ಧತಿಯಂತೆ ಕುಲುಕಲು ಕೈ ಚಾಚಿದಳು. ಅತ್ತೆಯ ಮಡಿ ಮನೆಯ ಹೊಸಿಲು ದಾಟುತ್ತಿರಲಿಲ್ಲ, ಆದರೆ ಕೈ ಕೊಡುವ ರೂಢಿ ಅವರಿಗೆ ಎಲ್ಲಿಯದು? ನಗುತ್ತ ಎರಡೂ ಕೈ ಮುಗಿದರು. ಚಾಚಿದ ಕೈ ಗಾಳಿಯಲ್ಲಿ ಉಳಿಯಿತು. ಟೀಚರ್ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಎಲ್ಲ ಮುಗಿಯಿತು ಅಂದುಕೊಂಡೆ.

ಅತ್ತೆಯ ಗಮನಕ್ಕೆ ಇದೊಂದೂ ಬರಲಿಲ್ಲ. ನೇರ ಗೋಡೆಗೆ ಹೋಗಿ, "ಇದು ನಂದ ಕೈ, ಕಿರಿಬೆರಳ ಸೊಟ್ಟ ಅದ ನೋಡು" ಅಂದರು. ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ. "ಎಲ್ಲಾರ್ದೂ ಬಣ್ಣ ಆಗೇದ, ನಂದ ಯಾಕ ಹಿಂಗ ಬಿಟ್ಟಿ?"

ನಡೆದದ್ದನ್ನೆಲ್ಲ ಹೇಳಿದೆ. ಮುಟ್ಟುವ ನಿಯಮ, ಅಂಗಡಿ, ಪೆಪ್ಪರಮೆಂಟು. ಅತ್ತೆ ಟೀಚರ್ ಕಡೆ ತಿರುಗಿದರು. "ಕೂಸಿಗೆ ಹಂಗ ಮಾಡಿದನೇನ ಅಂವಾ?" ಅಂದರು. ಆಮೇಲೆ ನಲ್ಲಿಯಲ್ಲಿ ಕೈ ತೊಳೆದು, ಸ್ಟೂಲ್ ಎಳೆದುಕೊಂಡು ಕೂತು, ಡಬ್ಬಿಯ ಮುಚ್ಚಳ ತೆಗೆದರು. ಟೀಚರ್‌ಗೆ ಅಪ್ಪಟ ಧಾರವಾಡ ಕನ್ನಡದಲ್ಲಿ, "ಬಾ ಇಲ್ಲೆ, ಕೂಡು. ಕೈ ಒಡ್ಡು" ಅಂದರು.

ಅವಳು ನನ್ನ ಮುಖ ನೋಡಿದಳು. ನಾನು ಅನುವಾದ ಮಾಡಲಿಲ್ಲ. ಅವಳೂ ಕೈ ತೊಳೆದುಕೊಂಡು ಬಂದು, ಎದುರಿಗೆ ಕೂತು, ಅಂಗೈ ಒಡ್ಡಿದಳು. ಅತ್ತೆ ತುತ್ತು ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಉಪ್ಪಿನಕಾಯಿಯ ರಸ ಹಾಕಿ, ಅವಳ ಅಂಗೈಗೆ ಬಿಟ್ಟರು. ಅವಳು ತಿಂದಳು. ಖಾರಕ್ಕೆ ಕಣ್ಣು ಅರಳಿದವು, ಇನ್ನೂ ಒಂದು ಅನ್ನುವಂತೆ ಕೈ ಮುಂದೆ ಬಂತು. ಅವಳು ನುಂಗುವ ತನಕ ಅತ್ತೆ ಕಾದರು, ಆಮೇಲೆ ಇನ್ನೊಂದು. ಡಬ್ಬಿ ಖಾಲಿಯಾಗುವವರೆಗೆ ನಾನು ಸಿಂಕಿಗೆ ಒರಗಿ ನಿಂತು ನೋಡುತ್ತಿದ್ದೆ. ನನಗೂ ಒಂದು ತುತ್ತು ಬೇಕೆನಿಸಿತು, ಕೇಳಲಿಲ್ಲ.

ಟೀಚರ್ ಮೂಗು ಒರೆಸಿಕೊಂಡಳು. ಮೂಗು ಊದಿಕೊಂಡಿತ್ತು, ಉಪ್ಪಿನಕಾಯಿಯ ಖಾರಕ್ಕೇ ಇರಬಹುದು.

"ಆ ಅಂಗಡಿಯವನು ಬಿಡುವಾಗ ಬೇರೆಲ್ಲೋ ನೋಡುತ್ತಿದ್ದ" ಅಂದಳು. "ನನ್ನ ಕೈಯನ್ನು ಒಂದು ಸಲವೂ ನೋಡಿರಲಿಲ್ಲ. ಅದಕ್ಕೇ ಕೆಳಗೆ ಬೀಳುತ್ತಿತ್ತು. ಇವರು ನನ್ನ ಅಂಗೈಯಿಂದ ಕಣ್ಣು ಕೀಳಲೇ ಇಲ್ಲ." ಆಮೇಲೆ ಎದ್ದು ಗೋಡೆಯ ಮುಂದೆ ನಿಂತು, ಟೀಚರ್ ದನಿಯಲ್ಲಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ನೀನು ಬರೀ ಕೈ ಬರೆದಿದ್ದೀ. ಮುಖ ಎಲ್ಲಿ? ಕೈ ಮುಟ್ಟದಿದ್ದರೆ ಬೇಡ. ಆ ಕಣ್ಣು ಅಂಗೈಯನ್ನು ಮುಟ್ಟಲಿ."

ಅವಳ ನಿಯಮವೂ ಉಳಿಯಿತು, ನನ್ನ ಹಟವೂ ಉಳಿಯಿತು. ಅಂಥ ಟೀಚರ್ ನನಗೆ ಮತ್ತೆ ಸಿಗಲಿಲ್ಲ. ಆವತ್ತೇ ಏಣಿ ಹತ್ತಿದೆ. ಅತ್ತೆ ಖಾಲಿ ಡಬ್ಬಿ ಹಿಡಿದು, ಕೈ ಮುಂದೆ ಚಾಚಿ, ಕೆಳಗೆ ನೋಡುತ್ತ ನಿಂತರು. ಮಾಡೆಲ್ ಆಗಿ ಅಷ್ಟು ಅಲುಗಾಡದೆ ನಿಂತವರನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ. ಹಣೆಯ ಗೆರೆ, ಮುಂದೆ ಬಾಗಿದ ಕುತ್ತಿಗೆ, ಚೆಲ್ಲೀತೇನೋ ಎಂದು ತುಸು ಬಿಗಿದ ತುಟಿ, ಒಂದೊಂದೇ ಗೋಡೆಗೆ ಬಂದವು. ಕಣ್ಣು ಬರೆಯುವಾಗ ನನ್ನ ಎದೆ ಉಬ್ಬಿಹೋಯಿತು. ಇವರು ನನ್ನವರು ಎಂದು ಆ ಇಡೀ ಓಣಿಗೆ ಕೂಗಿ ಹೇಳಬೇಕೆನಿಸಿತು.

ಕಣ್ಣು ಮುಗಿಸಿ ಏಣಿ ಇಳಿದಾಗ ಅತ್ತೆ ಹತ್ತಿರ ಬಂದು ಚಿತ್ರ ನೋಡಿದರು. ಕೈಗಳ ನಡುವಿನ ಅಂತರವನ್ನೇ ನೋಡುತ್ತ ಹುಬ್ಬು ಗಂಟಿಕ್ಕಿದರು.

"ಯಾಕವಾ, ನಾ ನಿನಗ ಇಷ್ಟು ಮ್ಯಾಲಿಂದ ಹಾಕತಿದ್ನೇನು? ತುತ್ತು ಒಡದು ಹೋಗೂದಿಲ್ಲೇನು?"

ಆ ಪರೀಕ್ಷೆಯ ವರ್ಷ ನಾನು ನೆಲದ ಮೇಲೆ ಕೂತು, ಕತ್ತೆತ್ತಿ ನೋಡುತ್ತಿದ್ದವಳು. ನನಗೆ ಅಷ್ಟು ದೂರವೇ ಕಂಡಿತ್ತು. "ಎಷ್ಟಿತ್ತು ಮತ್ತ?" ಅಂದೆ.

"ಕೆಳಗ ತಗೋ."

ಬಟ್ಟೆಯಿಂದ ಇದ್ದಿಲು ಒರೆಸಿ, ಕೈಯನ್ನು ನಾಲ್ಕು ಬೆರಳಷ್ಟು ಕೆಳಗಿಳಿಸಿ ಬರೆದೆ.

"ಇನ್ನೂ ಕೆಳಗ."

ಮತ್ತೆ ಒರೆಸಿದೆ, ಬೀಳುತ್ತಿದ್ದ ತುತ್ತನ್ನು ಅವರ ಬೆರಳುಗಳ ಒಳಗೇ ಸೇರಿಸಿದೆ. ಟೀಚರ್ ಪಕ್ಕದಲ್ಲಿ ಬಂದು ನಿಂತಳು. ಏನು ಹೇಳುತ್ತಿದ್ದಾರೆ ಎಂದು ಅವಳು ಕೇಳಲಿಲ್ಲ, ಗೋಡೆಯಲ್ಲೇ ಕಾಣುತ್ತಿತ್ತು.

"ಇನ್ನಷ್ಟು."

"ಅತ್ಯಾ, ಇನ್ನ ಇಳಿಸಿದ್ರ ಮುಟ್ಟೇ ಬಿಡ್ತದ."

"ಮುಟ್ಟೂದಿಲ್ಲ," ಅಂದರು ಅತ್ತೆ. "ಎಲ್ಲೀತನಾ ಬಂದ್ರ ಮುಟ್ಟೂದಿಲ್ಲ ಅನ್ನೂದು ನನಗ ಗೊತ್ತಿಲ್ಲೇನು? ದಿನಾ ಅಲ್ಲೀತನಾ ಬರತಿದ್ದೆ."

ಅವರು ಬೆರಳಿಟ್ಟು ತೋರಿಸಿದ ಕಡೆಯೇ ಗೆರೆ ಎಳೆದೆ. ನಡುವೆ ಉಳಿದದ್ದು ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ.